ಗಾಳಿಮಳೆ ನಿಂತ್ಮೇಲೆ ದಡದಲ್ಲಿ ಸಿಗೋ ಹಕ್ಕಿನ ವಾಪಸ್ ನೀರಿಗೆ ಎಸೀಬೇಡಿ

ಮಾನ್ಯ ಸಂಪಾದಕರೇ,

ಚಂಡಮಾರುತ ಬಂದು ಹೋದ್ಮೇಲೆ ಪೇಪರಲ್ಲಿ ಕಡಲ್ಕೊರೆತ, ಬಿದ್ದ ತೆಂಗಿನಮರ, ಒಡೆದ ದೋಣಿ ಫೋಟೊ ಎಲ್ಲ ಬರತ್ತೆ, ಬರಲೇಬೇಕು. ಅದೇ ಗಾಳಿಗೆ ಸಿಕ್ಕಿ ದಡಕ್ಕೆ ಬಂದು ಬೀಳೋ ಹಕ್ಕಿಗಳ ಸುದ್ದಿ ಮಾತ್ರ ಎಲ್ಲೂ ಇರಲ್ಲ, ಅದಕ್ಕೇ ಬರೀತಿದ್ದೀನಿ. ನಾನು ಕೋಡಿಬೆಂಗ್ರೆ ಕಡೆಯವನು, ಸ್ವರ್ಣಾ ನದಿ ಕಡಲು ಸೇರೋ ಅಳಿವೆ ಹತ್ರ ಬೈನಾಕ್ಯುಲರ್ ಹಿಡ್ಕೊಂಡು ಸುಮಾರು ವರ್ಷದಿಂದ ಓಡಾಡ್ತಿದ್ದೀನಿ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಪಕ್ಕದಲ್ಲೇ ಹಾದು ಗುಜರಾತ್ ಕಡೆ ಹೋಯ್ತಲ್ಲ, ಆಗ ಲಾಕ್‌ಡೌನ್ ಬೇರೆ, ಮನೆ ಎದುರಿನ ಹೊಯ್ಗೆ ಮೇಲೆ ಒಂದು ನರಪಿಳ್ಳೆ ಇರ್ಲಿಲ್ಲ. ಗಾಳಿ ಇಳಿದ ಬೆಳಿಗ್ಗೆ ನೋಡಿದ್ರೆ ರೀವಗಳು, ಅಂದ್ರೆ ಟರ್ನ್‌ಗಳು, ಸಾಲಾಗಿ ಕೂತಿದ್ವು, ಒಂದೂ ಬಿಡದೆ ಎಲ್ಲಾ ಗಾಳಿಗೆ ಮುಖ ಕೊಟ್ಟು. ಹಳದಿ ಕೊಕ್ಕಿನ ದೊಡ್ಡ ಜುಟ್ಟಿನವು, ಕಿತ್ತಳೆ ಕೊಕ್ಕಿನ ಸಣ್ಣವು, ಅವುಗಳ ಮಧ್ಯೆ ಕಂದುಗಪ್ಪು ಬೆನ್ನಿನ ಎರಡು. ಹಣೆಯ ಬಿಳಿ ಪಟ್ಟೆ ಕಣ್ಣು ದಾಟಿ ಹಿಂದಕ್ಕೆ ಹೋಗಿತ್ತು, ಹಾಗಾಗಿ ಬ್ರೈಡಲ್ಡ್ ಟರ್ನ್ ಅಂತ ಗೊತ್ತಾಯ್ತು, ಸೂಟಿ ಟರ್ನ್ ಆಗಿದ್ರೆ ಆ ಬಿಳಿ ಕಣ್ಣಿನ ಹತ್ರಾನೇ ನಿಂತುಬಿಡತ್ತೆ. ಜುಟ್ಟಿನವು ದಡದ ಹತ್ರಾನೇ ಇರೋ ಹಕ್ಕಿಗಳು, ಆದ್ರೆ ಬ್ರೈಡಲ್ಡ್ ಟರ್ನ್‌ಗಳು ಆಳ ಕಡಲಿನವು, ಗೂಡು ಕಟ್ಟೋಕೆ ದ್ವೀಪಕ್ಕೆ ಬರ್ತವೆ ಬಿಟ್ರೆ ನಮ್ಮ ದಡಕ್ಕೆ ಅವಕ್ಕೆ ಕೆಲಸಾನೇ ಇಲ್ಲ. ಎರಡು ದಿನ ಎಲ್ಲಾ ಹಾಗೇ ಕೂತಿದ್ವು, ಯಾರೂ ಎಬ್ಬಿಸ್ಲಿಲ್ಲ, ಮೂರನೇ ದಿನ ಬೆಳಿಗ್ಗೆ ಜಾಗ ಖಾಲಿ. ಅವಕ್ಕೆ ಬೇಕಾಗಿದ್ದು ಆ ಎರಡು ದಿನ ಅಷ್ಟೇ.

ಈಗ ಹಾಗಿಲ್ಲ. ಮಳೆ ಸ್ವಲ್ಪ ಬಿಟ್ರೆ ಸಾಕು ಅಲೆ ನೋಡೋಕೆ ಜನ ಬರ್ತಾರೆ, ಬರಲಿ, ಆದ್ರೆ ಜೀಪ್ ಹೊಯ್ಗೆ ಮೇಲೇ ಇಳಿಸ್ತಾರೆ, ಹಕ್ಕಿಗಳೆಲ್ಲ ಒಟ್ಟಿಗೆ ಹಾರೋದು ರೀಲ್ಸಲ್ಲಿ ಚೆನ್ನಾಗಿ ಬರತ್ತೆ ಅಂತ ಮಕ್ಕಳನ್ನ ಓಡಿಸ್ತಾರೆ. ಅಕ್ಟೋಬರ್ ಗಾಳಿಯಲ್ಲಿ ಇದು ಇನ್ನೂ ಕಷ್ಟ. 2019ರಲ್ಲಿ ಕ್ಯಾರ್ ಚಂಡಮಾರುತ ಬಂದಾಗ ಟಿಬೆಟ್ ಕಡೆಯಿಂದ ಬಂದ ಪ್ಲೋವರ್ ಅನ್ನೋ ಪುಟ್ಟ ಹಕ್ಕಿಗಳು, ಉತ್ತರ ಧ್ರುವದ ಹತ್ತಿರದಿಂದ ಇಳಿದು ಬರೋ ಸ್ಯಾಂಡರ್ಲಿಂಗ್‌ಗಳು ದಡದಲ್ಲಿದ್ವು. ಸ್ಯಾಂಡರ್ಲಿಂಗಿಗೆ ಹಿಂಬೆರಳಿಲ್ಲ, ಹಸಿ ಹೊಯ್ಗೆ ಮೇಲೆ ಮೂರೇ ಬೆರಳಿನ ಗುರುತು ಬೀಳತ್ತೆ. ಅಷ್ಟು ದೂರ ಹಾರಿ ಬಂದಿರೋ ಅಂಗೈಯಗಲದ ಹಕ್ಕಿನ ಹತ್ತು ನಿಮಿಷಕ್ಕೊಂದ್ಸಲ ಎಬ್ಬಿಸಿದ್ರೆ ಅದು ತಿನ್ನೋದ್ಯಾವಾಗ, ಸುಧಾರಿಸ್ಕೊಳ್ಳೋದ್ಯಾವಾಗ?

ನನಗೆ ಜಾಸ್ತಿ ಸಂಕಟ ಆಗಿದ್ದು ಕಳೆದ ಮಳೆಗಾಲದಲ್ಲಿ. ಒಂದು ಮಾಸ್ಕ್ಡ್ ಬೂಬಿ, ಬಾತುಕೋಳಿಗಿಂತ ದೊಡ್ಡ ಬಿಳಿ ಹಕ್ಕಿ, ಕಪ್ಪು ಬಾಲ, ದಡದಲ್ಲಿ ರೆಕ್ಕೆ ಬಿಟ್ಕೊಂಡು ಕೂತಿತ್ತು. ನಾಲ್ಕೈದು ಹುಡುಗ್ರು ಪಾಪ ಕಡಲಿನ ಹಕ್ಕಿ ಕಡಲಿಗೇ ಸೇರ್ಲಿ ಅಂತ ಎತ್ತಿ ನೀರಿಗೆ ಬಿಟ್ರು, ಅಲೆ ಮಗುಚಿ ವಾಪಸ್ ತಂದು ಹಾಕ್ತು, ಮತ್ತೆ ಬಿಟ್ರು. ನಾನು ಹೋಗೋ ಹೊತ್ತಿಗೆ ಕಚ್ಚತ್ತೆ ಅಂತ ಕೊಕ್ಕಿಗೆ ಬಲೆ ದಾರ ಸುತ್ತಿದ್ರು. ಬೂಬಿಗೆ ಹೊರಗಡೆ ಮೂಗಿನ ಹೊಳ್ಳೆ ಇಲ್ಲ, ಬಾಯಿಂದಲೇ ಉಸಿರಾಡ್ಬೇಕು, ಕೊಕ್ಕು ಕಟ್ಟಿದ್ರೆ ಉಸಿರು ಕಟ್ಟತ್ತೆ. ದಾರ ಬಿಚ್ಚಿದಾಗ ಅದು ಬಾಯಿ ತೆರೆದು ಎಳೆದ ಉಸಿರು ನನ್ನ ಕೈಗೆ ತಾಗ್ತು. ರಟ್ಟಿನ ಡಬ್ಬದಲ್ಲಿಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡ್ದೆ, ಅವರು ಬಂದು ತಗೊಂಡ್ ಹೋದ್ರು, ಆದ್ರೆ ರಾತ್ರಿನೇ ಸತ್ತೋಯ್ತು. ಆ ಹುಡುಗ್ರ ಮೇಲೆ ನಂಗೆ ಸಿಟ್ಟಿಲ್ಲ, ಅವರಿಗೆ ಯಾರೂ ಹೇಳಿರ್ಲಿಲ್ಲ.

ಹಂಗಾಗಿ ಕೇಳ್ಕೊಳ್ಳೋದು ಇಷ್ಟು. ಇಂಥ ಹಕ್ಕಿ ಸಿಕ್ರೆ ಬರಿಗೈಲಿ ಮುಟ್ಬೇಡಿ, ಕೊಕ್ಕು ಚೂಪಿರತ್ತೆ, ಮುಖದ ಹತ್ರ ತರ್ಬೇಡಿ, ಟವೆಲ್ ಹೊದಿಸಿ ಗಾಳಿ ಆಡೋ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿಡಿ, ಬಾಯಿಗೆ ನೀರು ಮೀನು ತುರುಕ್ಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಬಂದರಿನಲ್ಲಿ, ಬೀಚಿನ ದಾರಿಯಲ್ಲಿ ಈಜಬೇಡಿ ಅನ್ನೋ ಬೋರ್ಡು ಹೇಗೂ ಇದೆ, ಅದರ ಕೆಳಗೇ ಇದನ್ನೂ ವಲಯ ಕಚೇರಿ ಫೋನ್ ನಂಬರನ್ನೂ ಬರೆಸಿದ್ರೆ ಸಾಕು. ಗಾಳಿ ನಿಂತ್ಮೇಲೆ ಎರಡು ಮೂರು ದಿನ ಅಳಿವೆ ಬಾಯಿಯ ಹೊಯ್ಗೆ ದಿಬ್ಬಕ್ಕೆ ಗಾಡಿ ಬಿಡದ ಹಾಗೆ ಒಂದು ಹಗ್ಗ ಕಟ್ಟಲಿ. ಮುಂದಿನ ಮಳೆಗಾಲ ಶುರುವಾಗೋ ಮುಂಚೆನೇ ಪಂಚಾಯ್ತಿಯವರು ಇದನ್ನ ಮಾಡ್ಲಿ, ಹಗ್ಗ ಕಟ್ಟೋಕೆ ನಾನೂ ಬರ್ತೀನಿ.

ಇಂತಿ,
ಕೋಡಿಬೆಂಗ್ರೆಯ ಒಬ್ಬ ಓದುಗ