ಸೊಸೈಟಿ ಸಾಲ: ಪರಿಚಯಸ್ಥರಿಗಷ್ಟೇ ಸೀಮಿತವಾಗದಿರಲಿ

ಮಾನ್ಯ ಸಂಪಾದಕರೇ,

ಸಹಕಾರ ಸಂಘಗಳ ಮೂಲಕ ರೈತರಿಗೆ ಶೂನ್ಯ ಬಡ್ಡಿ ದರದಲ್ಲಿ ನೀಡುವ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ 3 ಲಕ್ಷ ರೂಪಾಯಿಯಿಂದ 5 ಲಕ್ಷಕ್ಕೆ ಏರಿಸಿತು. ಆದರೆ ಊರಿನ ಸೊಸೈಟಿಯಲ್ಲಿ ಆ ಸಾಲ ಯಾರ ಕೈ ಸೇರಬೇಕು ಎಂಬುದನ್ನು ಎಷ್ಟೋ ಕಡೆ ಪಹಣಿಗಿಂತ ಹೆಚ್ಚಾಗಿ ನಿರ್ದೇಶಕರ ಒಡನಾಟವೇ ನಿರ್ಧರಿಸುತ್ತಿರುವುದು ಕಳವಳದ ಸಂಗತಿ.

ಇದರ ಹಿಂದೆ ಪ್ರತಿ ಬಾರಿಯೂ ಲಂಚವೋ ದುರುದ್ದೇಶವೋ ಇರುತ್ತದೆ ಎಂದು ನಾನು ಹೇಳುವುದಿಲ್ಲ. ನಾನು ಸದಸ್ಯನಾಗಿರುವ ಸಂಘದಲ್ಲಿ ಹೊಸ ಸಾಲಕ್ಕೆ ಅರ್ಜಿ ಕರೆದಾಗ ಸೂಚನೆಯ ಹಾಳೆಯನ್ನು ಕಚೇರಿಯ ಒಳಗೆ, ಬೀರುವಿನ ಪಕ್ಕದ ಗೋಡೆಗೆ ಅಂಟಿಸಲಾಗಿತ್ತು. ನಿರ್ದೇಶಕರ ದಾಯಾದಿಗಳಿಗೆ, ಬೀಗರಿಗೆ, ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಕೂರುವವರಿಗೆ ವಿಷಯ ಅಂದೇ ಫೋನಿನಲ್ಲಿ ತಲುಪಿತು. ಊರಾಚೆಯ ಕೇರಿಯವರು, ಗಂಡ ತೀರಿಕೊಂಡ ಮೇಲೆ ಜಮೀನನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡ ಹೆಣ್ಣುಮಕ್ಕಳು ಪಹಣಿ, ಆಧಾರ್ ಪ್ರತಿ ಹಿಡಿದು ಬರುವಷ್ಟರಲ್ಲಿ ‘ಈ ಸಲದ ಹಣ ಮುಗಿಯಿತು’ ಎಂಬ ಉತ್ತರ ಸಿದ್ಧವಿತ್ತು. ಯೂರಿಯಾ ಲೋಡ್ ಬಂದಾಗಲೂ ಇದೇ ಕಥೆ.

ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಲ್ಲಿ ಊರವರ ಪರಸ್ಪರ ಪರಿಚಯವೇ ಸಾಲಕ್ಕೆ ಭದ್ರತೆಯಂತಿತ್ತು. ಯಾರು ನಂಬಿಗಸ್ತರು, ಯಾರಿಗೆ ನಿಜವಾದ ಅಗತ್ಯವಿದೆ ಎಂಬುದು ನೆರೆಯವರಿಗೆ ತಿಳಿದಷ್ಟು ದೂರದ ಬ್ಯಾಂಕಿಗೆ ತಿಳಿಯದು. ಹಾಗಾಗಿ ಪರಿಚಯವನ್ನೇ ದೋಷವೆನ್ನಲಾಗದು. ಹಣ ಕಡಿಮೆಯಾದಾಗ ಅದು ಬಾಗಿಲು ಮುಚ್ಚುವ ಸಾಧನವಾಗುತ್ತದೆ ಎಂಬುದೇ ಚಿಂತೆ. 2024–25ರಲ್ಲಿ ರಾಷ್ಟ್ರೀಯ ಕೃಷಿ ಬ್ಯಾಂಕ್ ಆದ ನಬಾರ್ಡ್, ರೈತರಿಗೆ ಸಾಲ ಕೊಡಲೆಂದು ಸಹಕಾರಿ ಬ್ಯಾಂಕುಗಳಿಗೆ ರಿಯಾಯಿತಿ ದರದಲ್ಲಿ ಒದಗಿಸುವ ಮರುಸಾಲದಲ್ಲಿ ರಾಜ್ಯದ ಮಿತಿಯನ್ನು ಹಿಂದಿನ ವರ್ಷದ 5,600 ಕೋಟಿಯಿಂದ 2,340 ಕೋಟಿ ರೂಪಾಯಿಗೆ ಇಳಿಸಿತು. ಇಂತಹ ವರ್ಷದಲ್ಲಿ ಸುದ್ದಿ ಮೊದಲು ಮುಟ್ಟಿದವರಿಗೇ ಸಾಲ.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ನಿಗದಿತ ಸಂಖ್ಯೆಯ ಮಹಾಸಭೆಗಳಿಗೆ ಬಾರದ, ಸಂಘದೊಡನೆ ಕನಿಷ್ಠ ವ್ಯವಹಾರ ನಡೆಸದ ಸದಸ್ಯರ ಮತದಾನದ ಹಕ್ಕಿಗೆ ಸಹಕಾರ ಕಾನೂನಿನಲ್ಲಿ ನಿರ್ಬಂಧವಿದೆ. ಸಭೆಯ ನೋಟಿಸೂ ತಲುಪದೆ, ಸಾಲವೂ ಸಿಗದೆ ಹೊರಗುಳಿದವರ ಹೆಸರು ಕಡೆಗೆ ಮತದಾರರ ಪಟ್ಟಿಯಿಂದಲೂ ಕಾಣೆಯಾಗಿ, ಅದೇ ಬಳಗದವರು ಮತ್ತೆ ಅವಿರೋಧವಾಗಿ ಆಯ್ಕೆಯಾಗುತ್ತಾರೆ.

ಅರ್ಜಿ ಕರೆದ ದಿನಾಂಕ ಮತ್ತು ಲಭ್ಯವಿರುವ ಮೊತ್ತವನ್ನು ಗ್ರಾಮ ಪಂಚಾಯಿತಿ, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿಗಳ ಮುಂದೆ ಪ್ರಕಟಿಸುವುದು, ಪ್ರತಿ ಅರ್ಜಿಗೂ ಕ್ರಮಸಂಖ್ಯೆಯಿರುವ ರಸೀದಿ ಕೊಡುವುದು, ತಿರಸ್ಕರಿಸಿದರೆ ಕಾರಣವನ್ನು ಬರೆದೇ ತಿಳಿಸುವುದು ದುಬಾರಿ ಕೆಲಸಗಳಲ್ಲ. ಮುಂಗಾರು ಹಂಗಾಮಿನ ಸಾಲ ವಿತರಣೆಗೆ ಮುನ್ನವೇ ಸಹಕಾರ ಇಲಾಖೆ ಈ ಕುರಿತು ಎಲ್ಲ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

– ಸಹಕಾರ ಸಂಘದ ಸದಸ್ಯ, ಗದಗ ಜಿಲ್ಲೆ