ಶಾಂಘೈನ ಸಿಖ್ ಪೊಲೀಸರ ಪಿಂಚಣಿ ಯಾರ ಲೆಕ್ಕಕ್ಕೆ?

ಮಾನ್ಯರೇ,

ಹಳೇ ಶಾಂಘೈನ ಫೋಟೊ ನೋಡಿದವರಿಗೆ ಆ ಪೊಲೀಸರು ಗೊತ್ತು. ನಾಲ್ಕು ರಸ್ತೆ ಸೇರುವಲ್ಲಿ ರುಮಾಲು ಸುತ್ತಿ, ಗಡ್ಡ ಬಿಟ್ಟು, ಟ್ರಾಮು-ರಿಕ್ಷಾಗಳಿಗೆ ಕೈ ತೋರಿಸುತ್ತ ನಿಂತ ಸಿಖ್ಖರು. 1880ರ ದಶಕದಿಂದ ಅಲ್ಲಿನ ಮುನಿಸಿಪಲ್ ಪೊಲೀಸ್ ಪಡೆ ಅವರನ್ನು ಸೇರಿಸಿಕೊಳ್ಳುತ್ತಿತ್ತು. ಅವರಲ್ಲಿ ಮಾಜಿ ಸಿಪಾಯಿಗಳೂ ಇದ್ದರು. ಅವರನ್ನು ಅಲ್ಲಿಗೆ ಎಳೆದದ್ದು ಸೇನೆಗಿಂತ ಹೆಚ್ಚಿನ ಸಂಬಳ. ಸೇನೆಯಲ್ಲಿ ಸಿಪಾಯಿಗೆ 1895ರ ತನಕ ತಿಂಗಳಿಗೆ 7 ರೂಪಾಯಿ, ಆಮೇಲೆ 9. ಊಟದ ಖರ್ಚೂ ಅದರಲ್ಲೇ!

ತೊಡಕು ಇರುವುದು ಪಿಂಚಣಿಯಲ್ಲಿ. ಅವಧಿ ಮುಗಿಸದೆ ಪಲ್ಟನ್ ಬಿಟ್ಟವನಿಗೆ ಸೇನೆಯ ಮಾಮೂಲಿ ಪಿಂಚಣಿ ಇಲ್ಲ. ಮುಂದಿನ ದುಡಿಮೆಗೆ ಆ ಪೊಲೀಸ್ ಪಡೆ ನಡೆಸುತ್ತಿದ್ದ ಶಾಂಘೈ ಮುನಿಸಿಪಲ್ ಕೌನ್ಸಿಲ್ಲೇ ಗತಿ. ಅದಾದರೂ ಬ್ರಿಟಿಷ್ ಸರ್ಕಾರದ ಇಲಾಖೆಯಲ್ಲ, ಊರಿನ ವಿದೇಶಿ ವಸತಿ ಪ್ರದೇಶಕ್ಕೆ (ಇಂಟರ್‌ನ್ಯಾಷನಲ್ ಸೆಟಲ್‌ಮೆಂಟ್) ಅಲ್ಲಿನ ವಿದೇಶಿ ತೆರಿಗೆದಾರರು ಆರಿಸಿದ ಆಡಳಿತ. 1941ರ ಡಿಸೆಂಬರ್‌ನಲ್ಲಿ ಜಪಾನ್ ಆ ಪ್ರದೇಶವನ್ನೇ ಹಿಡಿಯಿತು. 1943ರ ಜನವರಿ 11ರಂದು ಬ್ರಿಟನ್ ತನ್ನ ವಿಶೇಷ ಹಕ್ಕು ಬಿಟ್ಟುಕೊಟ್ಟು ಚೀನಾದ ಜೊತೆ ಒಪ್ಪಂದ ಮಾಡಿಕೊಂಡಿತು. ಅಲ್ಲಿನ ಆಡಳಿತದ ಬಾಕಿ-ಬಾಧ್ಯತೆಗಳೆಲ್ಲ ಚೀನಾಕ್ಕೆ ಎಂದು ಅದರಲ್ಲಿ ಬರೆದರು. ಸಹಿ ಹಾಕಿದ ಆ ಚೀನಿ ಸರ್ಕಾರವೇ 1949ರಲ್ಲಿ ತೈವಾನ್‌ಗೆ ಓಡಿತು.

ಕೌನ್ಸಿಲಿನ ಬ್ರಿಟಿಷ್ ನೌಕರರ ಬಾಕಿಗಾಗಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ 1950ರ ದಶಕದಲ್ಲೂ ಪ್ರಶ್ನೆ ಕೇಳುವವರಿದ್ದರು. ಲುಧಿಯಾನದ ಹಳ್ಳಿಗೆ ಮರಳಿದ ಪೇದೆ ಯಾರ ಬಾಗಿಲು ತಟ್ಟಬೇಕಿತ್ತು? ಲಾಹೋರ್ ಕಡೆಯವನಾಗಿದ್ದರೆ 1947ರಲ್ಲಿ ಹಳ್ಳಿಯೂ ಹೋಯಿತು.

ಪರದೇಶಿ ದೊರೆಗಳ ಪರ ಲಾಠಿ ಬೀಸಿದವರಿಗೆ ಏನು ಕನಿಕರ ಅನ್ನುವವರಿದ್ದಾರೆ. 1925ರ ಮೇ 30ರಂದು ನಾನ್‌ಕಿಂಗ್ ರಸ್ತೆಯಲ್ಲಿ ಚೀನಿ ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿದವರಲ್ಲಿ ಸಿಖ್ ಪೇದೆಗಳಿದ್ದದ್ದು ನಿಜ. ಹುಕುಂ ಕೊಟ್ಟವನು ಬ್ರಿಟಿಷ್ ಇನ್‌ಸ್ಪೆಕ್ಟರ್. ಅದೇನೇ ಇರಲಿ, ಪಿಂಚಣಿ ನಡತೆಗೆ ಕೊಡುವ ಇನಾಮಲ್ಲ, ದುಡಿಮೆಯ ಬಾಕಿ. ನಮ್ಮ ಕೊಡಗು, ಬೆಳಗಾವಿ ಕಡೆ ಇವತ್ತಿಗೂ ಸೇನೆಯಿಂದ ಬಂದು ಪೊಲೀಸ್ ಸೇರುವವರಿದ್ದಾರೆ. ಮಿಲಿಟರಿ ಪಿಂಚಣಿ ನಿಂತರೆ ಸುಮ್ನೆ ಕೂರುತ್ತಾರಾ?

ಈಗ ಹಣ ಬರುವುದಿಲ್ಲ, ಬಿಡಿ. ಕಾಗದವಾದರೂ ಹೊರಗೆ ಬರಬಹುದಲ್ವಾ? ಮೊದಲ ಮಹಾಯುದ್ಧಕ್ಕೆ ಹೋದ ಪಂಜಾಬಿನ ಸುಮಾರು 3.2 ಲಕ್ಷ ಜನರ ವಿವರವಿದ್ದ ದಫ್ತರಗಳು ಲಾಹೋರ್ ಮ್ಯೂಸಿಯಂನಲ್ಲಿ ಬಿದ್ದಿದ್ದವು. ಬ್ರಿಟನ್ನಿನ ಪಂಜಾಬಿಗಳು ಕೈಹಾಕಿದ ಮೇಲೆ, 2021ರಲ್ಲಿ ಕೆಲವು ಜಿಲ್ಲೆಗಳ ಹೆಸರುಗಳನ್ನು ಜಾಲತಾಣದಲ್ಲೇ ಹುಡುಕುವಂತಾಯಿತು. ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೂ ‘ಅಭಿಲೇಖ್ ಪಟಲ್’ ಎಂಬ ತಾಣವಿದೆ. ಶಾಂಘೈ, ಹಾಂಗ್‌ಕಾಂಗ್, ಸಿಂಗಪುರದ ಭಾರತೀಯ ಪೊಲೀಸರ ಕಡತಗಳಿಗೆ ಹೆಸರು, ಹಳ್ಳಿ, ಪಲ್ಟನ್‌ವಾರು ಪಟ್ಟಿ ಮಾಡಿ ಅದರಲ್ಲಿ ಹಾಕಲಿ. ಲಂಡನ್ನಿನಲ್ಲಿರುವ ಕಡತಗಳ ನಕಲನ್ನು ವಿದೇಶಾಂಗ ಇಲಾಖೆ ತರಿಸಿಕೊಡಲಿ.

– ಒಬ್ಬ ಮಾಜಿ ಸೈನಿಕ, ಮಡಿಕೇರಿ