ನಿನ್ನ ಮಾವನ ವಿಷಯ

ಪುಟ್ಟಿ,

ನಿನ್ನೆ ರಾತ್ರಿ ನಾನು ಹಾಗೆ ಕೂಗಾಡಬಾರದಿತ್ತು. "ಕಳ್ಳರ ತಲೆಯಲ್ಲಿ ಏನಿದೆ ಅಂತ ಓದೋಕೆ ಅಷ್ಟು ದೂರ ಹೋಗಬೇಕಾ" ಅಂದೆ. ನೀನು ತಟ್ಟೆ ಬಿಟ್ಟು ಎದ್ದುಹೋದೆ. ಅಪರಾಧ ಮನೋವಿಜ್ಞಾನಕ್ಕೆ ಸೀಟು ಸಿಕ್ಕ ದಿನ ಎಲ್ಲರಿಗೂ ಫೋನ್ ಮಾಡಿ ಹೇಳಿಕೊಂಡವಳೂ ನಾನೇ ಅಲ್ವಾ. ತಪ್ಪಾಯ್ತು.

ನೀನು ಮಲಗಿದ ಮೇಲೆ ನಿನ್ನ ನೋಟ್‌ಬುಕ್ ಓದಿದೆ. ಕೇಳದೆ ಓದಿದ್ದೂ ತಪ್ಪೇ. ದವಡೆ, ತಲೆಬುರುಡೆ ನೋಡಿದರೆ ಅಪರಾಧಿ ಗೊತ್ತಾಗುತ್ತಾನೆ ಅಂತ 1876ರಲ್ಲಿ ಇಟಲಿಯ ವೈದ್ಯ ಲೊಂಬ್ರೋಸೊ ಪುಸ್ತಕ ಬರೆದನಂತೆ. ಇಂಗ್ಲೆಂಡಿನ ಜೈಲು ವೈದ್ಯ ಗೋರಿಂಗ್ ಸುಮಾರು 3,000 ಕೈದಿಗಳನ್ನು ಅಳೆದು, ಹಾಗೊಂದು ಅಪರಾಧಿಯ ಮೈಕಟ್ಟೇ ಇಲ್ಲ ಅಂತ 1913ರಲ್ಲಿ ಹೇಳಿದನಂತೆ. ಅಲ್ಲಿಯವರೆಗೆ ಸುಮ್ನೆ ಓದಿಕೊಂಡು ಹೋದೆ. ಮಾಫಿಟ್ ಅನ್ನುವ ಮನಶ್ಶಾಸ್ತ್ರಜ್ಞೆಯ ಪುಟಕ್ಕೆ ಬಂದಾಗ ಮುಂದೆ ಹೋಗಲಾಗಲಿಲ್ಲ.

ಚಿಕ್ಕಂದಿನಲ್ಲೇ ತಪ್ಪು ದಾರಿ ಹಿಡಿದು ದೊಡ್ಡವರಾದರೂ ಬಿಡದವರು ಕೆಲವೇ ಜನ. ಹದಿಹರೆಯದಲ್ಲಿ ಮಾತ್ರ ದಾರಿ ತಪ್ಪಿ, ಆಮೇಲೆ ತಾವಾಗೇ ಬಿಡುವವರೇ ಜಾಸ್ತಿ. 1993ರಲ್ಲೇ ಆಕೆ ಇದನ್ನು ಬರೆದಿದ್ದಾಳೆ.

ನಿನ್ನ ಮಾವನಿಗೆ ಆಗ ಹದಿನಾರು. ಅಪ್ಪನ ಅಂಗಿ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಅವನು ಎರಡು ಬೆರಳು ಜೇಬಿಗೆ ಇಳಿಸಿದ್ದ. ನಾನು ಒಳಗೆ ಬಂದೆ. ಅವನು ಓಡಲಿಲ್ಲ, ನನ್ನ ಮುಖ ನೋಡಿದ. ಹೇಳಬೇಡ ಅಂತಲೂ ಅನ್ನಲಿಲ್ಲ. ನಾನು ಹೇಳಿದೆ. ಅಪ್ಪ ಹೊಡೆದಿದ್ದು ಒಂದು ದಿನ. ಆದರೆ ಆಮೇಲೆ ಮನೆಯಲ್ಲಿ ಬಾಚಣಿಗೆ ಕಾಣದಿದ್ದರೂ ಎಲ್ಲರೂ ಅವನ ಕಡೆ ತಿರುಗುತ್ತಿದ್ದೆವು. ನಾನೂ ತಿರುಗುತ್ತಿದ್ದೆ. ಎಷ್ಟೋ ಸಲ ಆ ವಸ್ತು ನನ್ನ ಚೀಲದಲ್ಲೇ ಸಿಗುತ್ತಿತ್ತು. ಆಗ ಯಾರೂ ಅವನಿಗೆ ಏನೂ ಹೇಳುತ್ತಿರಲಿಲ್ಲ. ಒಂದು ವರ್ಷದಲ್ಲಿ ಓದು ಬಿಟ್ಟ.

ಓದು ನಿಲ್ಲುವುದು, ಪೊಲೀಸ್ ಕೇಸು, ಕುಡಿತದ ಚಟ, ಇಂಥವು ಬಲೆಗಳು, ಇವುಗಳಿಂದ ಹುಡುಗರಿಗೆ ವಾಪಸ್ ಬರುವುದು ಕಷ್ಟವಾಗುತ್ತದೆ ಅಂತ ನೀನು ಬರೆದುಕೊಂಡಿದ್ದೀಯ. ಮನೆಯವರು ಹಾಕುವ ಬಲೆಯೂ ಆ ಪಟ್ಟಿಯಲ್ಲಿದೆಯಾ ಅಂತ ಹುಡುಕಿದೆ. ಅಂಗಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ ಪುಟ್ಟಿ. ನೀಲಿ ಗೆರೆಯದು. ಎಡಗಡೆಯ ಜೇಬು.

ಅದಕ್ಕೇ ನನಗೆ ಹೆದರಿಕೆ. ಯಾರು ಸೈಕೋಪಾತ್, ಅಂದರೆ ಕರುಣೆ, ಪಶ್ಚಾತ್ತಾಪ ಇಲ್ಲದವರು, ಅಂತ ಅಳೆಯೋಕೆ ಮನಶ್ಶಾಸ್ತ್ರಜ್ಞ ಹೇರ್ ಮಾಡಿದ ಪಟ್ಟಿಯನ್ನೂ ನೋಡಿದೆ. 20 ಅಂಶ, ಒಂದೊಂದಕ್ಕೂ 0, 1 ಅಥವಾ 2, ಒಟ್ಟು 40. ತರಬೇತಿ ಪಡೆದವರು, ಫೈಲು ಪೂರ್ತಿ ಓದಿ, ಎದುರು ಕೂತು ಮಾತಾಡಿಸಿ ಹಾಕಬೇಕಾದ ಅಂಕ ಅದು. ಜಗಳ ಆಡಿದ ಗೆಳತಿಗೆ ಹಾಕಬೇಡ. ಕೈಕೊಟ್ಟ ಹುಡುಗನಿಗೂ ಬೇಡ. ಅಂಕ ಬರೆಯುವ ಮುಂಚೆ ಇನ್ನೊಂದು ಸಲ ಓದು. ಜೈಲಿಗೆ ಹೋದಾಗ ಅಲ್ಲಿಯವರು ಹೇಳಿದ ಕಡೆಯೇ ಕೂರು. ಅಂಥ ಫೈಲುಗಳನ್ನು ರಾತ್ರಿ ಹಾಸಿಗೆಯಲ್ಲಿ ಓದಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೋಡು, ಮತ್ತೆ ಉಪದೇಶ ಶುರುವಾಯ್ತು.

ಇಷ್ಟು ಕಷ್ಟದ ವಿಷಯವನ್ನು ನೀನು ಎಷ್ಟು ಅಚ್ಚುಕಟ್ಟಾಗಿ ಬರೆದುಕೊಂಡಿದ್ದೀಯ! ನನಗೂ ಅರ್ಥವಾಯ್ತು. ಊಟಕ್ಕೆ ಕೂತಾಗ ನೀನು ಹೇಳಲು ಹೊರಟಿದ್ದೂ ಇದನ್ನೇ ಇರಬೇಕು. ನಾನು ಬಿಡಲಿಲ್ಲ.

ನೋಟ್‌ಬುಕ್ ಬ್ಯಾಗಿನ ಹೊರ ಜೇಬಿನಲ್ಲಿಟ್ಟಿದ್ದೇನೆ. ನಾಳೆ ಸ್ಟೇಷನ್‌ಗೆ ಮಾವನೂ ಬರುತ್ತಾನೆ. ಏನು ಓದುತ್ತೀಯ ಅಂತ ಅವನು ಕೇಳೇ ಕೇಳುತ್ತಾನೆ. ಪೂರ್ತಿ ಹೇಳು. ನನ್ನ ಮುಖ ನೋಡಬೇಡ.

ಅಮ್ಮ